ಬೆನ್ನುಹಲಗೆಗೆ ಓರೆ ಹಿಡಿಯುವುದು: ಮರದ ದೋಣಿಯ ಹಿಂಬದಿ ಕೂರಿಸುವ ಕೆಲಸ

ನಮ್ಮ ಕಡೆ ದೋಣಿ ಅಂದರೆ ಹರಿಗೋಲು. ಬಿದಿರಿನ ದುಂಡನೆ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಮರು. ಸಣಾಪುರದಲ್ಲಿ ಪ್ರವಾಸಿಗರನ್ನು ಕೂರಿಸಿ ಗಿರಗಿರ ತಿರುಗಿಸುವುದೂ ಅದನ್ನೇ. ತುಂಗಭದ್ರಾ ಹಿನ್ನೀರಿನಲ್ಲಿ ಬಲೆ ಹಾಕುವವರ ಕೈಯಲ್ಲಿರುವುದೂ ಅದೇ. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಹಾಗಾಗಿ ಕೊಪ್ಪಳ ಸೀಮೆಯ ಬಡಗಿಗೆ ಬಾಗಿಲು, ಬಂಡಿ, ತೊಟ್ಟಿಲು ಎಲ್ಲ ಕರಗತ, ಆದರೆ ದೋಣಿಯ ಹಿಂಬದಿ ಮಾತ್ರ ಹೊಸದು.

ನಾನು ಮುನಿರಾಬಾದ್ ಹತ್ತಿರದ ಹಿನ್ನೀರಿಗೆಂದು ಹನ್ನೆರಡು ಅಡಿಯ ಚಪ್ಪಟೆ ತಳದ ಪ್ಲೈವುಡ್ ದೋಣಿ ಕಟ್ಟಲು ಕೂತಾಗ ಎಡವಿದ್ದು ಇಲ್ಲೇ. ಮೂತಿ ಚೆನ್ನಾಗಿ ಬಂತು. ಪಕ್ಕದ ಹಲಗೆಗಳು ಬಾಗಿದವು. ಹಿಂದೆ ಮುಚ್ಚುವ ಒಂದು ಹಲಗೆ, ಅದೇನು ಮಹಾ ಅಂದುಕೊಂಡಿದ್ದೆ. ಇಂಗ್ಲಿಷಿನವರು ಅದನ್ನು ಟ್ರಾನ್ಸಮ್ ಅನ್ನುತ್ತಾರೆ. ನಾನು ಇಲ್ಲಿ ಬೆನ್ನುಹಲಗೆ ಅಂತಲೇ ಕರೆಯುತ್ತೇನೆ. ಪಕ್ಕದ ಎರಡು ಹಲಗೆ ಮತ್ತು ತಳ, ಮೂರೂ ಬಂದು ಸೇರುವುದು ಇದಕ್ಕೆ. ಮೋಟಾರ್ ನೇತಾಡುವುದೂ ಇದರ ಮೇಲೆ. ಇದು ಒಂದು ಬೆರಳು ವಾರೆಯಾದರೆ ಇಡೀ ದೋಣಿ ವಾರೆ.

ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದು

ಬೆನ್ನುಹಲಗೆ ನೋಡಲು ಚಪ್ಪಟೆ ಹಲಗೆ. ಆದರೆ ಅದಕ್ಕೆ ಎರಡು ಮೈ. ದೋಣಿಯೊಳಗೆ ಮುಖ ಮಾಡಿದ್ದು ಒಳಮೈ, ಹೊರಗಿನ ನೀರಿಗೆ ಮುಖ ಮಾಡಿದ್ದು ಹೊರಮೈ. ಇವೆರಡೂ ಒಂದೇ ಅಳತೆ ಅಲ್ಲ.

ಯಾಕೆ ಅಂದರೆ, ಇಂಥ ದೋಣಿ ಹಿಂದಕ್ಕೆ ಹೋಗ್ತಾ ಹೋಗ್ತಾ ಕಿರಿದಾಗುತ್ತದೆ. ತಳವೂ ಹಿಂಬದಿಗೆ ಸ್ವಲ್ಪ ಮೇಲೇಳುತ್ತದೆ. ಸಾಲದ್ದಕ್ಕೆ ಬೆನ್ನುಹಲಗೆ ನೆಟ್ಟಗೆ ನಿಲ್ಲುವುದಿಲ್ಲ, ಕುರ್ಚಿಯ ಬೆನ್ನಿನ ಹಾಗೆ ಹಿಂದಕ್ಕೆ ವಾಲಿರುತ್ತದೆ. ಈ ಮೂರೂ ಸೇರಿ ಹೊರಮೈಯನ್ನು ಚಿಕ್ಕದು ಮಾಡುತ್ತವೆ. ಒಳಮೈ ದೊಡ್ಡದು, ಹೊರಮೈ ಸಣ್ಣದು, ನಡುವಿನ ದಪ್ಪದಲ್ಲಿ ಅಂಚು ಓರೆಯಾಗಿ ಇಳಿಯಬೇಕು.

ಲೆಕ್ಕ ನೋಡಿ. ಹಲಗೆ 12 ಡಿಗ್ರಿ ವಾಲಿದೆ, ತಳ 4 ಡಿಗ್ರಿ ಮೇಲೆದ್ದಿದೆ ಅಂದುಕೊಳ್ಳಿ. ತಳದ ಅಂಚಿನ ಓರೆ 16 ಡಿಗ್ರಿ ಆಯಿತು. ಅಂಚಿನಲ್ಲಿ ಒಟ್ಟು ದಪ್ಪ 56 ಮಿಲಿಮೀಟರ್ ಇದ್ದರೆ ಒಳಮೈಗೂ ಹೊರಮೈಗೂ 16 ಮಿಲಿಮೀಟರ್ ವ್ಯತ್ಯಾಸ. ಅರ್ಧ ಇಂಚಿಗಿಂತ ಜಾಸ್ತಿ! ನಾನು ಹೊರಮೈ ಅಳತೆಗೇ ಹಲಗೆಯನ್ನು ಚೌಕ ಅಂಚಿನಲ್ಲಿ ಕೊಯ್ದುಬಿಟ್ಟಿದ್ದೆ. ಓರೆ ಹಿಡಿಯಲು ಕಟ್ಟಿಗೆಯೇ ಉಳಿದಿರಲಿಲ್ಲ. ತಳದ ಪ್ಲೈ ಇಟ್ಟು ನೋಡಿದರೆ ಒಳಗಡೆ ಕಿರುಬೆರಳು ತೂರುವಷ್ಟು ಸಂದು.

ನಮ್ಮೂರಿನ ವಯಸ್ಸಾದ ಬಡಗಿಯೊಬ್ಬರು ಅದನ್ನು ನೋಡಿ ನಕ್ಕರು. "ತಮ್ಮಾ, ಅಂಗಿ ಹೊಲಿಯಾಕ ಅರಿವಿ ತಗೊಂಡ್ರ ಮಡಿಚಾಕ ನಾಕ್ ಬೊಟ್ಟು ಜಾಸ್ತಿ ಬಿಡತೀವಿಲ್ಲೋ? ಕಟ್ಟಿಗಿಗೂ ಹಂಗ" ಅಂದರು. ಆ ಸಂದಿಗೆ ನಾನು ಪಟ್ಟಿ ಬಡಿದು ಅಂಟು ತುಂಬಿಸಿದೆ. ಮೊದಲ ದಿನವೇ ಅಲ್ಲಿಂದ ನೀರು ಬಂತು. ಎರಡನೇ ದೋಣಿಗೆ ಹೊಸ ಹಲಗೆ ಕೊಯ್ದೆ. ಮುಂದೆ ಹೇಳುವುದು ಆ ಎರಡನೇ ದೋಣಿಯ ಕೆಲಸ.

ಕಟ್ಟಿಗೆ ಯಾವುದು

ಇಡೀ ಸಾಗವಾನಿ ಹಲಗೆ ಜೋಡಿಸಿ ಬೆನ್ನು ಮಾಡಬಹುದು, ನೋಡಲು ಚಂದ. ಆದರೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಬಿಸಿಲಿಗೆ ನಾನು ಹಾಗೆ ಮಾಡಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಅಗಲ ಹಲಗೆ ಕುಗ್ಗಿ ಸೀಳುತ್ತದೆ, ಮಳೆಗಾಲದಲ್ಲಿ ನೀರಿಗಿಳಿಸಿದರೆ ಉಬ್ಬುತ್ತದೆ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಈ ಆಟ ಬಹಳ ಕಮ್ಮಿ.

ಪ್ಲೈ ಕೊಳ್ಳುವಾಗ ಐಎಸ್ 710 ಗುರುತು ನೋಡಿ. ಅದು ಮರೈನ್ ಪ್ಲೈ. ಐಎಸ್ 303 ಅಂತ ಇದ್ದರೆ ಅದು ಅಡುಗೆಮನೆ ಕಪಾಟಿಗೆ, ದೋಣಿಗಲ್ಲ. ಅಚ್ಚು ಹೊಡೆದದ್ದೆಲ್ಲ ಅಸಲಿ ಅಂತ ನಂಬಬೇಡಿ. ಅಂಗಡಿಯವರಿಂದ ಅಂಗೈ ಅಗಲದ ಒಂದು ಚೂರು ಇಸ್ಕೊಂಡು ಬಂದು ಮೂರ್ನಾಲ್ಕು ತಾಸು ನೀರಲ್ಲಿ ಕುದಿಸಿ. ಪದರ ಬಿಟ್ಟುಕೊಂಡರೆ ಆ ಹಾಳೆ ಬೇಡ.

ನಾನು ತಗೊಂಡದ್ದು 18 ಮಿಲಿಮೀಟರ್ ಪ್ಲೈ. ಎರಡು ತುಂಡು ಅಂಟಿಸಿ 36 ಮಿಲಿಮೀಟರ್ ಮಾಡಿದೆ. ಸಣ್ಣ ಮೋಟಾರಿಗೆ ಇದು ಸಾಕು. ನಿಮ್ಮ ಮೋಟಾರಿನ ಹಿಡಿಕೆ ಎಷ್ಟು ಬಾಯಿ ತೆರೆಯುತ್ತದೆ ಅಂತ ಅಳೆದುಕೊಂಡೇ ದಪ್ಪ ತೀರ್ಮಾನಿಸಿ. ಬರೀ ಹುಟ್ಟು ಹಾಕುವ ದೋಣಿಯಾದರೆ ಒಂದೇ 18 ಸಾಕು.

ನಿಜವಾದ ಎತ್ತರ ತೆಗೆಯುವುದು

ಸಣ್ಣ ಮೋಟಾರುಗಳಲ್ಲಿ ಗಿಡ್ಡ ಕಾಲಿನದಕ್ಕೆ ಬೆನ್ನುಹಲಗೆ ಸುಮಾರು 15 ಇಂಚು ಎತ್ತರ ಬೇಕು, ಉದ್ದ ಕಾಲಿನದಕ್ಕೆ 20 ಇಂಚು. ಇದು ದೋಣಿಯ ನಡುಗೆರೆಯಲ್ಲಿ, ತಳದಿಂದ ಮೇಲಂಚಿಗೆ. ಮೋಟಾರ್ ಮೊದಲೇ ಕೈಯಲ್ಲಿದ್ದರೆ ಹಿಡಿಕೆಯ ಒಳಬಾಯಿಂದ, ನೀರಲ್ಲಿ ತಿರುಗುವ ಪಂಕದ (ಪ್ರೊಪೆಲ್ಲರ್) ಮೇಲಿರುವ ಚಪ್ಪಟೆ ರೆಕ್ಕೆಯವರೆಗೆ ಟೇಪು ಹಿಡಿಯಿರಿ. ಆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಒಂದು ಇಂಚು ಕೆಳಗೆ ಬರಬೇಕು. ಮೇಲೆ ಬಂದರೆ ಪಂಕ ಗಾಳಿ ನುಂಗಿ ಸುಮ್ನೆ ಕಿರುಚುತ್ತದೆ.

ಈಗ ವಾಲಿನ ಲೆಕ್ಕ. ನಕ್ಷೆಯಲ್ಲಿ ಹಿಂದಿನಿಂದ ನೋಡಿದ ಚಿತ್ರ ಇರುತ್ತದಲ್ಲ, ಅದರಲ್ಲಿ ಕಾಣುವುದು ನೆಟ್ಟ ಎತ್ತರ. ವಾಲಿದ ಹಲಗೆ ಅದಕ್ಕಿಂತ ಉದ್ದ ಇರಬೇಕು. ಗೋಡೆಗೆ ಒರಗಿಸಿದ ಏಣಿ ಗೋಡೆಗಿಂತ ಉದ್ದ ಇರಬೇಕಲ್ವಾ, ಹಾಗೆ. 381 ಮಿಲಿಮೀಟರ್, ಅಂದರೆ 15 ಇಂಚು ನೆಟ್ಟ ಎತ್ತರಕ್ಕೆ 12 ಡಿಗ್ರಿ ವಾಲು ಕೊಟ್ಟರೆ ಹಲಗೆಯ ಮೈಮೇಲೆ ಸುಮಾರು 390 ಬರುತ್ತದೆ. ಮೇಲಂಚು ತಳದ ಅಂಚಿಗಿಂತ 81 ಮಿಲಿಮೀಟರ್ ಹಿಂದೆ ಬರುತ್ತದೆ. ಈ 81 ಅನ್ನು ಬರೆದಿಟ್ಟುಕೊಳ್ಳಿ. ಡಿಗ್ರಿ ಅಳೆಯುವ ಸಾಮಾನು ಇಲ್ಲದಿದ್ದರೂ ತೂಕದ ಗುಂಡು ಇಳಿಬಿಟ್ಟು ಈ ಒಂದೇ ಅಳತೆಯಲ್ಲಿ ವಾಲು ಸರಿ ಮಾಡಬಹುದು.

ನಕ್ಷೆ ಕೊಂಡು ತಂದಿದ್ದರೆ ಅದರಲ್ಲಿರುವುದು ಯಾವ ಮೈಯ ಅಳತೆ ಅಂತ ಮೊದಲು ಹುಡುಕಿ. ಹೊರಮೈ ಅಂತ ಇದ್ದರೆ ಓರೆಯಷ್ಟು ಸೇರಿಸಿ. ಏನೂ ಬರೆದಿಲ್ಲ ಅಂದರೆ ಹೊರಮೈ ಅಂತಲೇ ತಿಳಿದು ಸುತ್ತ 20 ಮಿಲಿಮೀಟರ್ ಜಾಸ್ತಿ ಬಿಡಿ. ಕೀಸಿ ತೆಗೆಯುವುದು ಅರ್ಧ ದಿನದ ಕೆಲಸ, ಸೇರಿಸುವುದು ಆಗದ ಕೆಲಸ.

ಮೊದಲು ರಟ್ಟಿನಲ್ಲಿ ಅರ್ಧ ಮಾತ್ರ ಕತ್ತರಿಸಿ. ನಡುಗೆರೆಗೆ ಇಟ್ಟು ಒಂದು ಪಕ್ಕ ಗೆರೆ ಎಳೆದು, ಮಗುಚಿ ಇನ್ನೊಂದು ಪಕ್ಕ ಎಳೆಯಿರಿ. ಎಡ ಬಲ ತಾನಾಗೇ ಒಂದೇ ಬರುತ್ತದೆ. ನಡುಗೆರೆಯನ್ನು ಎರಡೂ ಮೈಗೆ, ಅಂಚುಗಳಿಗೂ ಎಳೆಯಿರಿ. ಮುಂದೆ ಎಲ್ಲ ಅಳತೆಗೂ ಅದೇ ಆಧಾರ.

ಎರಡು ಹಾಳೆ ಅಂಟಿಸುವುದು

ಅಂಟು ಅಂದರೆ ಇಲ್ಲಿ ಎಪಾಕ್ಸಿ, ಹಾರ್ಡನರ್ ಕಲಸಿದರೆ ಗಟ್ಟಿಯಾಗುವಂಥದ್ದು. ಅದಕ್ಕೆ ನಮ್ಮ ಸೆಕೆ ಶತ್ರು. ಸಾಮಾನ್ಯವಾಗಿ ಹತ್ತು ಡಿಗ್ರಿ ಬಿಸಿ ಏರಿದರೆ ಕೆಲಸಕ್ಕೆ ಸಿಗುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ 25 ಡಿಗ್ರಿಗೆ ಅರ್ಧ ತಾಸು ಅಂತ ಬರೆದಿದ್ದರೆ ಮೇ ತಿಂಗಳ ಮಧ್ಯಾಹ್ನ ಹತ್ತು ನಿಮಿಷ ಸಿಕ್ಕರೆ ಪುಣ್ಯ. ನಾನು ಒಮ್ಮೆ ಪ್ಲಾಸ್ಟಿಕ್ ಲೋಟದಲ್ಲಿ ಪೂರ್ತಿ ಕಲಸಿಟ್ಟು ಫೋನ್ ಬಂತು ಅಂತ ಹೋದೆ. ವಾಪಸ್ ಬರುವಷ್ಟರಲ್ಲಿ ಹೊಗೆ ಏಳುತ್ತಿತ್ತು, ಲೋಟ ಕರಗಿ ವಾಲಿತ್ತು. ಹಾಗಾಗಿ ಬೆಳಗ್ಗೆ ಆರಕ್ಕೆ ಶುರು ಮಾಡಿ, ನಿಧಾನ ಗಟ್ಟಿಯಾಗುವ ಹಾರ್ಡನರ್ ಕೇಳಿ ತನ್ನಿ. ಆಳದ ಲೋಟ ಬೇಡ, ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ. ಕೈಗೆ ಗ್ಲೌಸ್ ಇರಲಿ.

ಮೊದಲು ಎರಡೂ ಮೈಗೆ ತೆಳು ಅಂಟು ಬಳಿದು ಕುಡಿಯಲು ಬಿಡಿ. ಆಮೇಲೆ ಉಳಿದ ಅಂಟಿಗೆ ಸಣ್ಣಗೆ ಜರಡಿ ಹಿಡಿದ ಮರದ ಪುಡಿ ಕಲಸಿ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಜುಣಕಕ್ಕಿಂತ ತೆಳು. ಅದನ್ನು ಒಂದು ಮೈಗೆ ಹಲ್ಲಿನ ಕರಣೆಯಿಂದ ಗೀರಿ ಹಚ್ಚಿ, ಇನ್ನೊಂದನ್ನು ಮೇಲಿಡಿ. ಇಟ್ಟ ತಕ್ಷಣ ಎರಡೂ ಬೆಣ್ಣೆ ಮೇಲಿಟ್ಟಂತೆ ಜಾರುತ್ತವೆ. ಕೊಯ್ದು ಹೋಗುವ ಜಾಗದಲ್ಲಿ ಎರಡು ಸ್ಕ್ರೂ ಹಾಕಿ ಹಿಡಿಸಿ.

ಅಂಚಿಗೆ ಸಿ-ಕ್ಲ್ಯಾಂಪ್ ಹಾಕಬಹುದು, ನಡುವಿಗೆ ಎಟುಕುವುದಿಲ್ಲ. ನಾನು ಗಂಗಾವತಿ ಅಕ್ಕಿಯ 25 ಕಿಲೋ ಚೀಲ ನಾಲ್ಕು ಹೇರಿದೆ. ಕೆಳಗೂ ಮೇಲೂ ಪ್ಲಾಸ್ಟಿಕ್ ಹಾಸಿ, ಇಲ್ಲದಿದ್ದರೆ ಅಕ್ಕಿಚೀಲವೂ ದೋಣಿಯ ಭಾಗವಾಗುತ್ತದೆ. ಕೆಳಗಿನ ಮೇಜು ಸಪಾಟಾಗಿರಬೇಕು. ಮೇಜು ತಿರುಚಿದ್ದರೆ ಹಲಗೆ ತಿರುಚಿಕೊಂಡೇ ಗಟ್ಟಿಯಾಗುತ್ತದೆ, ಮತ್ತೆ ಅದನ್ನು ಯಾರೂ ನೆಟ್ಟಗೆ ಮಾಡಲಾರರು. ಒಂದು ಇಡೀ ದಿನ ಮುಟ್ಟಬೇಡಿ.

ಗಟ್ಟಿಯಾದ ಮೇಲೆ ಒಳಮೈಯ ಅಂಚಿನುದ್ದಕ್ಕೂ, ತಳ ಮತ್ತು ಎರಡು ಪಕ್ಕಕ್ಕೆ, 45 ಅಗಲ 20 ದಪ್ಪದ ಸಾಗವಾನಿ ಪಟ್ಟಿ ಅಂಟಿಸಿ ಸ್ಕ್ರೂ ಹಾಕಿ. ಪ್ಲೈವುಡ್ ಅಂಚಿಗೆ ಸ್ಕ್ರೂ ಕಚ್ಚುವುದಿಲ್ಲ, ಪದರ ಸೀಳುತ್ತದೆ. ತಳ ಮತ್ತು ಪಕ್ಕದ ಹಲಗೆಯ ಸ್ಕ್ರೂಗಳು ಕೂರುವುದು ಈ ಪಟ್ಟಿಗೆ. 36ಕ್ಕೆ 20 ಸೇರಿ ನಾನು ಮೊದಲು ಹೇಳಿದ 56 ಮಿಲಿಮೀಟರ್. ಈಗ ಒಳಮೈ ಅಂದರೆ ಈ ಪಟ್ಟಿಯ ಮುಖ ಅನ್ನುವುದು ನೆನಪಿರಲಿ.

ಗೆರೆಯ ಹೊರಗೆ 3 ಮಿಲಿಮೀಟರ್ ಬಿಟ್ಟು ಕೊಯ್ಯಿರಿ. ಕೈಯಲ್ಲಿ ಹಿಡಿಯುವ ಕರೆಂಟ್ ಗರಗಸ ಇದ್ದರೆ ಅದನ್ನು 13 ಡಿಗ್ರಿಗೆ ವಾಲಿಸಿಯೇ ತಳದ ಅಂಚು ಕೊಯ್ಯಬಹುದು, ಕೀಸುವ ಕೆಲಸ ಕಮ್ಮಿಯಾಗುತ್ತದೆ. ಪೂರ್ತಿ 16ಕ್ಕೆ ಇಡಬೇಡಿ. ಮೇಲಂಚಿನ ಕಮಾನು ಈಗಲೇ ಬೇಡ. ಅದು ಚಂದಕ್ಕೆ, ಕೊನೆಗೆ ನೋಡೋಣ.

ಏಣಿಯ ಮೇಲೆ ನಿಲ್ಲಿಸುವುದು

ದೋಣಿಯನ್ನು ಮಗುಚಿ ಕಟ್ಟುತ್ತೇವೆ. ಎರಡು ಉದ್ದ ತೊಲೆಗೆ ಅಡ್ಡಪಟ್ಟಿ ಬಡಿದ ಏಣಿ, ಅದರ ಮೇಲೆ ತಲೆಕೆಳಗಾಗಿ ನಿಂತ, ದೋಣಿಗೆ ಆಕಾರ ಕೊಡುವ ಅಡ್ಡಚೌಕಟ್ಟುಗಳು. ಬೆನ್ನುಹಲಗೆಯ ತಳದ ಅಂಚು ಆಕಾಶ ನೋಡುತ್ತದೆ, ಮೇಲಂಚು ನೆಲದ ಕಡೆ. ಇಲ್ಲಿ ತಲೆ ತಿರುಗುವುದು ಸಹಜ. ನೆಲದ ಕಡೆಯ ಅಂಚು ದೋಣಿಯಿಂದ ಹೊರಕ್ಕೆ ಚಾಚಿರಬೇಕು, ಆಗ ವಾಲು ಸರಿ. ನಾನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ "ತಳ", "ಒಳಗೆ" ಅಂತ ಬರೆದುಬಿಡುತ್ತೇನೆ. ನಾಚಿಕೆ ಏನಿಲ್ಲ.

ಮೂತಿಯಿಂದ ಹಿಂಬದಿಗೆ ಒಂದು ದಾರ ಬಿಗಿಯಿರಿ. ಬೆನ್ನುಹಲಗೆಯ ನಡುಗೆರೆ ಅದರ ಕೆಳಗೇ ಬರಬೇಕು. ತಳದ ಅಂಚಿಗೆ ರಸಮಟ್ಟ ಇಡಿ. ಗುಂಡು ಇಳಿಬಿಟ್ಟು 81 ನೋಡಿ. ಕೊನೆಗೆ ಮೂತಿಯ ನಡುವಿನ ಮೊಳೆಗೆ ಟೇಪು ಸಿಕ್ಕಿಸಿ, ಬೆನ್ನುಹಲಗೆಯ ಎಡಮೂಲೆಗೆ ಒಮ್ಮೆ, ಬಲಮೂಲೆಗೆ ಒಮ್ಮೆ ಅಳೆಯಿರಿ. ಮೇಲಿನ ಮೂಲೆಗಳನ್ನೂ ಕೆಳಗಿನವನ್ನೂ ನೋಡಿ. ವ್ಯತ್ಯಾಸ 3 ಮಿಲಿಮೀಟರ್ ಒಳಗಿದ್ದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಹಲಗೆ ಒಂದು ಕಡೆ ಮುಖ ತಿರುಗಿಸಿದೆ ಅಂತ ಅರ್ಥ, ಅಂಥ ದೋಣಿ ಹುಟ್ಟು ಬಿಟ್ಟ ಕೂಡಲೇ ಪಕ್ಕಕ್ಕೆ ಎಳೆಯುತ್ತದೆ. ಎಲ್ಲ ಕೂಡಿಬಂದ ಮೇಲೆ ಕರ್ಣಕ್ಕೆ ಎರಡು ಆಸರೆ ಬಡಿದು ಅಲುಗಾಡದಂತೆ ಮಾಡಿ.

ಓರೆ ಹಿಡಿಯುವುದು

ಇದೇ ನಿಜವಾದ ಕೆಲಸ. ಮೊದಲೇ ಹೇಳಿದ 16 ಡಿಗ್ರಿ ಒಂದು ಅಂದಾಜು ಅಷ್ಟೇ. ನಿಮ್ಮ ದೋಣಿಯ ಓರೆ ಎಷ್ಟು ಅಂತ ಹೇಳುವುದು ಬಾಗುವ ಪಟ್ಟಿ. 20 ಅಗಲ, 10 ದಪ್ಪ, ಎಂಟು ಹತ್ತು ಅಡಿ ಉದ್ದದ ಗಂಟಿಲ್ಲದ ಒಂದು ಪಟ್ಟಿ ಸೀಳಿಸಿಕೊಳ್ಳಿ. ಅದನ್ನು ಹಿಂದಿನ ಎರಡು ಮೂರು ಅಡ್ಡಚೌಕಟ್ಟುಗಳ ಮೇಲೆ ಒತ್ತಿ ಹಿಡಿದು, ಬೆನ್ನುಹಲಗೆಯ ಮೇಲೆ ಹಾಯ್ದು ಹೋಗುವಂತೆ ಚಾಚಿ. ಮುಂದೆ ಹಲಗೆ ಹೇಗೆ ಬಾಗುತ್ತದೋ ಪಟ್ಟಿ ಈಗಲೇ ಹಾಗೆ ಬಾಗಿ ತೋರಿಸುತ್ತದೆ.

ಮೊದಲ ಸಲ ಪಟ್ಟಿ ಹೊರಮೈಯ ಚೂಪು ಮೂಲೆಗೆ ಮಾತ್ರ ತಾಗಿ ನಿಲ್ಲುತ್ತದೆ. ಒಳಮೈ ಕಡೆ ಬೆಳಕು ಕಾಣುತ್ತದೆ. ಆ ಬೆಳಕು ಮುಚ್ಚುವವರೆಗೆ ಹೊರಮೈ ಕಡೆಯ ಕಟ್ಟಿಗೆ ಹೋಗಬೇಕು.

ಇಡೀ ಅಂಚನ್ನು ಒಮ್ಮೆಲೇ ರಂದಾ ಹೊಡೆಯಲು ಹೋಗಬೇಡಿ. ಪ್ರತಿ 150 ಮಿಲಿಮೀಟರಿಗೆ ಒಂದು ಗುರುತು ಹಾಕಿ. ಒಂದೊಂದು ಗುರುತಿನಲ್ಲೂ ಸಣ್ಣ ಹಲ್ಲಿನ ಗರಗಸದಿಂದ ಓರೆಯಾಗಿ ಒಂದು ಗಾಯ ಮಾಡಿ. ಹೊರಮೈ ಕಡೆ ಆಳ, ಒಳಮೈಗೆ ಬರುವಷ್ಟರಲ್ಲಿ ಸೊನ್ನೆ. ಉಳಿಯಿಂದ ಆ ಗಾಯವನ್ನು ಪಟ್ಟಿಯ ಅಗಲಕ್ಕೆ ಬಿಡಿಸಿ, ಪಟ್ಟಿ ಇಟ್ಟು ನೋಡಿ. ಇನ್ನೂ ಬೆಳಕು ಇದ್ದರೆ ಇನ್ನಷ್ಟು. ಪಟ್ಟಿ ಗಾಯದೊಳಗೆ ದಪ್ಪದುದ್ದಕ್ಕೂ ಸಪಾಟಾಗಿ ಮಲಗಿದರೆ ಆ ಜಾಗ ಮುಗಿಯಿತು. ಹೀಗೆ ಏಳೆಂಟು ಗಾಯ ಆದ ಮೇಲೆ ಅವುಗಳ ತಳ ಕೆಡದಂತೆ ನಡುವಿನ ಕಟ್ಟಿಗೆಯನ್ನು ರಂದಾದಿಂದ ತೆಗೆಯಿರಿ. ಗಾಯಗಳ ಗುರುತು ಇನ್ನೇನು ಅಳಿಸಿತು ಅನ್ನುವಾಗ ನಿಲ್ಲಿಸಿ.

ಪ್ಲೈವುಡ್ ಇಲ್ಲೊಂದು ಉಪಕಾರ ಮಾಡುತ್ತದೆ. ಓರೆ ಇಳಿಯುತ್ತಿದ್ದ ಹಾಗೆ ಅದರ ಪದರಗಳು ತಿಳಿ, ಕಂದು, ತಿಳಿ, ಕಂದು ಅಂತ ಇಳಕಲ್ ಸೀರೆಯ ದಡಿಯ ಹಾಗೆ ಗೆರೆಗೆರೆಯಾಗಿ ಕಾಣುತ್ತವೆ. ಗೆರೆಗಳು ಉದ್ದಕ್ಕೂ ನೇರ ಇದ್ದು, ಅಗಲ ಒಂದೇ ಇದ್ದರೆ ಓರೆ ಒಂದೇ ಸಮ. ಎಲ್ಲೋ ಗೆರೆ ಅಗಲವಾಯಿತು ಅಂದರೆ ಅಲ್ಲಿ ಅಂಚು ಜಾಸ್ತಿ ಮಲಗಿದೆ. ಕಿರಿದಾಯಿತು ಅಂದರೆ ಇನ್ನೂ ಕೀಸಬೇಕು. ಗುಣ್ಯಾ (ಬಡಗಿಯ ಮೂಲೆಮಟ್ಟ) ಹಿಡಿದು ಅಳೆಯುವುದಕ್ಕಿಂತ ಕಣ್ಣಿಗೆ ಇದು ಬೇಗ ತಿಳಿಯುತ್ತದೆ. ಆದರೆ ಪಕ್ಕದ ಅಂಚುಗಳಲ್ಲಿ ಗೆರೆ ನಿಧಾನವಾಗಿ ಅಗಲವಾಗುತ್ತಾ ಹೋದರೆ ಗಾಬರಿ ಬೇಡ. ಪಕ್ಕದ ಹಲಗೆ ಮೇಲೆ ಒಂದು ಕೋನದಲ್ಲಿ, ಕೆಳಗೆ ಇನ್ನೊಂದು ಕೋನದಲ್ಲಿ ಬರಬಹುದು. ನಂಬಬೇಕಾದ್ದು ಪಟ್ಟಿಯನ್ನು.

ರಂದಾ ಹೊಡೆಯುವಾಗ ಎರಡೂ ತುದಿಯಿಂದ ನಡುವಿಗೆ ಬನ್ನಿ. ತುದಿಯಾಚೆಗೆ ತಳ್ಳಿದರೆ ಮೂಲೆಯ ಪದರ ಸಿಬಿರು ಸಿಬಿರಾಗಿ ಕಿತ್ತುಬರುತ್ತದೆ. ಪ್ಲೈನಲ್ಲಿರುವ ಅಂಟು ಅಲಗನ್ನು ಬೇಗ ಮೊಂಡು ಮಾಡುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಲಿ. ಕಡೆಯ ಹಂತಕ್ಕೆ ನನ್ನ ಉಪಾಯ ಇದು: ಪಟ್ಟಿಯ ಕೆಳಮೈಗೆ ಕಾವಿ ಉಜ್ಜಿ, ಅಂಚಿನ ಮೇಲೆ ಒತ್ತಿ ಎಳೆಯಿರಿ. ಕೆಂಪು ಹತ್ತಿದ ಕಡೆ ಉಬ್ಬು. ಅಲ್ಲಿ ಮಾತ್ರ ಒಂದು ಎಳೆ ತೆಗೆಯಿರಿ. ಅಂಟು ಹಚ್ಚುವ ಮೊದಲು ಕಾವಿಯನ್ನು ಪೂರ್ತಿ ಉಜ್ಜಿ ತೆಗೆಯಲು ಮರೆಯಬೇಡಿ.

ನನಗೆ ಮೂರು ಅಂಚಿಗೆ ಒಂದೂವರೆ ದಿನ ಹಿಡಿಯಿತು. ಕೈ ಪಳಗಿದವರಿಗೆ ಅರ್ಧ ದಿನ.

ಹಲಗೆ ಕೂರಿಸಿ ಮುಚ್ಚುವುದು

ಮೊದಲು ಅಂಟಿಲ್ಲದೆ ಪಕ್ಕದ ಹಲಗೆ ಇಟ್ಟು ತೂತು ಕೊರೆಯಿರಿ, 100 ಮಿಲಿಮೀಟರಿಗೆ ಒಂದು. ಬರೀ ಕಬ್ಬಿಣದ ಸ್ಕ್ರೂ ಬೇಡ, ಸ್ಟೇನ್‌ಲೆಸ್ ಅಥವಾ ಹಿತ್ತಾಳೆ. ಹಲಗೆ ಬೆನ್ನಿನಾಚೆಗೆ ಒಂದು ಬೆರಳಷ್ಟು ಚಾಚಿರಲಿ. ಬಿಚ್ಚಿ, ಓರೆ ಅಂಚಿಗೆ ತೆಳು ಅಂಟು ಎರಡು ಸಲ ಕುಡಿಸಿ. ಪ್ಲೈ ಅಂಚು ಬಾಯಾರಿದ ಎತ್ತಿನ ಹಾಗೆ ಹೀರುತ್ತದೆ. ಆಮೇಲೆ ಗಟ್ಟಿ ಅಂಟು ಹಚ್ಚಿ ಸ್ಕ್ರೂ ತಿರುವಿ. ಅಂಟು ಉದ್ದಕ್ಕೂ ಸಣ್ಣ ಮಣಿಗಳಾಗಿ ಹೊರಬಂದರೆ ಸಾಕು. ಎಲ್ಲ ಹಿಂಡಿ ಹೋಗುವ ಹಾಗೆ ಬಿಗಿದರೆ ಒಳಗೆ ಏನೂ ಉಳಿಯಲ್ಲ. ಪಕ್ಕದ ಹಲಗೆ ಗಟ್ಟಿಯಾದ ಮೇಲೆ ಅದರ ಅಂಚನ್ನು ತಳಕ್ಕೆ ಸಮ ಮಾಡಿ, ತಳವನ್ನೂ ಇದೇ ಕ್ರಮದಲ್ಲಿ ಕೂರಿಸಿ.

ಚಾಚಿದ್ದನ್ನು ಮಾರನೇ ದಿನ ಗರಗಸದಲ್ಲಿ ಕೊಯ್ದು ರಂದಾದಿಂದ ಬೆನ್ನಿಗೆ ಸಮ ಮಾಡಿ. ಪಕ್ಕದ ಮೂಲೆಗಳನ್ನು ಪೆನ್ಸಿಲ್ ದಪ್ಪಕ್ಕೆ ದುಂಡು ಮಾಡಿ ಮೂರು ಇಂಚಿನ ಗ್ಲಾಸ್ ಫೈಬರ್ ಪಟ್ಟಿ ಸುತ್ತಿ. ಚೂಪು ಮೂಲೆಗೆ ಬಟ್ಟೆ ಕೂರುವುದಿಲ್ಲ, ಗಾಳಿ ಗುಳ್ಳೆ ಏಳುತ್ತದೆ. ತಳದ ಹಿಂದಿನ ಅಂಚಿಗೂ ಬಟ್ಟೆ ಹಾಗೇ ಸುತ್ತಿ. ಮೋಟಾರ್ ದೋಣಿಯಾದರೆ ಆಮೇಲೆ ಗಟ್ಟಿ ಅಂಟು ತುಂಬಿ ಆ ಒಂದು ಅಂಚನ್ನು ಮತ್ತೆ ಚೂಪು ಮಾಡಿ, ನೀರು ಅಲ್ಲಿ ಕತ್ತರಿಸಿದ ಹಾಗೆ ಬಿಟ್ಟುಕೊಳ್ಳುತ್ತದೆ.

ಮಗುಚಿ ನೆಟ್ಟಗೆ ಮಾಡಿದ ಮೇಲೆ ಒಳಗೆ ಮೊಣಕಾಲು. ತಳದಿಂದ ಬೆನ್ನುಹಲಗೆಗೆ, ನಡುಗೆರೆಯಲ್ಲಿ, ಒಂದೊಂದು ಅಡಿ ಚಾಚಿದ ತ್ರಿಕೋನ ಆಸರೆ. ಮೋಟಾರ್ ಒದೆಯುವುದೆಲ್ಲ ಇದೇ ಹಲಗೆಗೆ, ಆಸರೆ ಇಲ್ಲದಿದ್ದರೆ ತಳದ ಜೋಡಣೆ ಬಾಯಿ ಬಿಡುತ್ತದೆ. ಮೇಲಿನ ಎರಡು ಮೂಲೆಗೂ ಸಣ್ಣವು ಎರಡು ಬೇಕು. ಕಮಾನು ಈಗ ಕೊಯ್ಯಿರಿ, ಆದರೆ ಮೋಟಾರ್ ಕೂರುವ ನಡುವಿನ ಒಂದಡಿ ನೇರವೇ ಇರಲಿ.

ಮೋಟಾರ್ ಹಚ್ಚುವವರು ಮೊದಲು ಅನುಮತಿ ವಿಚಾರಿಸಿ. ಆಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ಅಲ್ಲಿಗೆ ಮೋಟಾರ್ ಒಯ್ಯುವ ಯೋಚನೆಯೇ ಬೇಡ.

ಉಳಿದದ್ದು ನೀರು ಹೊರಹಾಕುವ ತೂತು. ಬೆನ್ನುಹಲಗೆಯ ತಳದ ಮೂಲೆಯಲ್ಲಿ, ಬೂಚಿನ ಕೊಳವೆಗಿಂತ ದೊಡ್ಡ ತೂತು ಕೊರೆದು ಗಟ್ಟಿ ಅಂಟು ತುಂಬಿ. ಒಣಗಿದ ಮೇಲೆ ಅದರ ನಡುವೆ ಸರಿ ಅಳತೆಯ ತೂತು ಕೊರೆಯಿರಿ. ಆಗ ನೀರು ಮುಟ್ಟುವುದು ಅಂಟನ್ನು, ಪ್ಲೈವುಡ್ಡನ್ನಲ್ಲ. ಮೋಟಾರಿನ ಬೋಲ್ಟುಗಳಿಗೂ ಹೀಗೇ ಮಾಡಿ.

ಬಣ್ಣ ಬಳಿಯುವ ಮುಂಚೆ ಬೂಚು ಹಾಕಿ, ದೋಣಿಯ ಹಿಂಬದಿ ತಗ್ಗು ಮಾಡಿ, ಒಳಗೆ ನಾಲ್ಕು ಕೊಡ ನೀರು ಸುರಿಯಿರಿ. ಬೆನ್ನಿನ ಸುತ್ತ ಒಣ ಪತ್ರಿಕೆ ಅಂಟಿಸಿ ಚಹಾ ಕುಡಿದು ಬನ್ನಿ. ಕಾಗದ ಎಲ್ಲಿ ಕಪ್ಪಾಗಿದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಒಣಗಿಸಿ, ಅಂಟು ಕುಡಿಸಿ. ನನ್ನ ಎರಡನೇ ದೋಣಿಯಲ್ಲಿ ಕಪ್ಪಾದದ್ದು ಒಂದೇ ಕಡೆ, ಬೂಚಿನ ಸುತ್ತ. ಬೂಚು ಸರಿಯಾಗಿ ತಿರುವಿರಲಿಲ್ಲ. ಈಗ ಅದನ್ನು ಮೊಣಕಾಲಿಗೆ ಒಂದು ಗೇಣು ದಾರದಲ್ಲಿ ಕಟ್ಟಿದ್ದೇನೆ.